ಸಿಟಿ, ಎಂಆರ್‌ಐ, ಪೆಟ್: ಬ್ರೈನ್ ಸ್ಕ್ಯಾನ್‌ನಲ್ಲಿ ಏನು ಕಾಣುತ್ತೆ, ಏನು ಕಾಣಲ್ಲ? ಶ್ರೀನಿವಾಸಪುರದ ಅಧ್ಯಯನ ಯಾಕೆ ಮುಖ್ಯ?

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ನಮ್ಮಲ್ಲಿದೆ. ಮನೆಯ ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೆ, ದಿನವೂ ಓಡಾಡುವ ದಾರಿ ಮರೆತರೆ 'ವಯಸ್ಸಾಯ್ತಲ್ಲ' ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಮರೆವಿನ ಹಿಂದೆ ಕಾಯಿಲೆ ಇರಬಹುದು. ಅದರಲ್ಲಿ ಕೆಲವು ಚಿಕಿತ್ಸೆಯಿಂದ ಸರಿಹೋಗುವಂಥವು. ದೇಶದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ.

ಇಂಥ ಸಂದರ್ಭದಲ್ಲಿ ವೈದ್ಯರು ಸಾಮಾನ್ಯವಾಗಿ ಸ್ಕ್ಯಾನ್ ಬರೆದುಕೊಡುತ್ತಾರೆ. ಯಾವ ಸ್ಕ್ಯಾನ್ ಏನನ್ನು ತೋರಿಸುತ್ತದೆ? ಇಲ್ಲಿದೆ ಮಾಹಿತಿ.

ರಚನೆ ಬೇರೆ, ಕೆಲಸ ಬೇರೆ

ಮಿದುಳಿನ ಸ್ಕ್ಯಾನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮಿದುಳು ಹೇಗಿದೆ ಎಂದು ತೋರಿಸುವುದು. ಸಿಟಿ ಮತ್ತು ಸಾಮಾನ್ಯ ಎಂಆರ್‌ಐ ಈ ಗುಂಪಿಗೆ ಸೇರುತ್ತವೆ. ಇನ್ನೊಂದು, ಮಿದುಳು ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವುದು. ಎಫ್‌ಎಂಆರ್‌ಐ, ಪೆಟ್ ಈ ಗುಂಪಿನವು. ವಿದ್ಯುತ್ ಸಂಕೇತವನ್ನು ಅಳೆಯುವ ಇಇಜಿ, ಕಾಂತಕ್ಷೇತ್ರವನ್ನು ಅಳೆಯುವ ಎಂಇಜಿ ಕೂಡ ಮಿದುಳಿನ ಕೆಲಸವನ್ನೇ ಗಮನಿಸುತ್ತವೆ.

ಸಿಟಿ ಸ್ಕ್ಯಾನ್

ಎಕ್ಸ್‌-ರೇ ಕಿರಣಗಳನ್ನು ಸುತ್ತಲಿನಿಂದ ಹಾಯಿಸಿ, ಕಂಪ್ಯೂಟರ್ ಮೂಲಕ ಪದರ ಪದರವಾಗಿ ಚಿತ್ರ ತಯಾರಿಸುವ ವಿಧಾನವಿದು. ರೋಗಿಯೊಬ್ಬರ ಮಿದುಳಿನ ಮೊದಲ ಸಿಟಿ ಸ್ಕ್ಯಾನ್ ನಡೆದಿದ್ದು 1971ರ ಅಕ್ಟೋಬರ್ 1ರಂದು, ಲಂಡನ್‌ನಲ್ಲಿ. ಇದನ್ನು ಸಾಧ್ಯವಾಗಿಸಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ ಅಪಘಾತ, ಪಾರ್ಶ್ವವಾಯು ಪ್ರಕರಣಗಳಲ್ಲಿ ರಕ್ತಸ್ರಾವ ಆಗಿದೆಯೇ ಎಂದು ನೋಡಲು ಸಾಮಾನ್ಯವಾಗಿ ಮೊದಲು ಮಾಡುವುದು ಇದನ್ನೇ.

ಎಂಆರ್‌ಐ

ಇದರಲ್ಲಿ ಎಕ್ಸ್‌-ರೇ ಇಲ್ಲ. ಬಲವಾದ ಆಯಸ್ಕಾಂತ ಮತ್ತು ರೇಡಿಯೊ ತರಂಗಗಳ ನೆರವಿನಿಂದ ದೇಹದ ನೀರಿನಲ್ಲಿರುವ ಹೈಡ್ರೋಜನ್ ಹೊಮ್ಮಿಸುವ ಸಂಕೇತವನ್ನು ಹಿಡಿದು ಚಿತ್ರ ರಚಿಸಲಾಗುತ್ತದೆ. 3 ಟೆಸ್ಲಾ ಯಂತ್ರದ ಕಾಂತಶಕ್ತಿ ಭೂಮಿಯ ಕಾಂತಶಕ್ತಿಗಿಂತ ಸುಮಾರು 60 ಸಾವಿರ ಪಟ್ಟು ಹೆಚ್ಚು. ಗೆಡ್ಡೆ, ಸಣ್ಣ ರಕ್ತನಾಳಗಳ ತೊಂದರೆಯಿಂದ ಆದ ಹಾನಿ, ನೆನಪಿಗೆ ಮುಖ್ಯವಾದ ಹಿಪ್ಪೋಕ್ಯಾಂಪಸ್ ಭಾಗ ಕುಗ್ಗಿರುವುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಎಫ್‌ಎಂಆರ್‌ಐ

ದೇಹದ ತೂಕದಲ್ಲಿ ಮಿದುಳಿನ ಪಾಲು ಕೇವಲ ಶೇ. 2. ಆದರೆ ದೇಹದ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಅದೇ ಬಳಸುತ್ತದೆ. ಮಿದುಳಿನ ಯಾವ ಭಾಗ ಹೆಚ್ಚು ಕೆಲಸ ಮಾಡುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಈ ಬದಲಾವಣೆಯನ್ನು ಎಂಆರ್‌ಐ ಯಂತ್ರದಲ್ಲೇ ಹಿಡಿಯಬಹುದು ಎಂದು 1990ರಲ್ಲಿ ತೋರಿಸಿದವರು ಜಪಾನ್ ಮೂಲದ ವಿಜ್ಞಾನಿ ಸೇಜಿ ಒಗಾವಾ. ಗೆಡ್ಡೆ ತೆಗೆಯುವ ಮುನ್ನ ಮಾತು, ಕೈ ಚಲನೆಗೆ ಸಂಬಂಧಿಸಿದ ಭಾಗಗಳನ್ನು ಗುರುತಿಸಲು ಇದು ಉಪಯುಕ್ತ.

ಪೆಟ್ ಸ್ಕ್ಯಾನ್

ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಅಂಶ ಸೇರಿಸಿದ, ಗ್ಲೂಕೋಸ್‌ನಂಥ ವಸ್ತುವನ್ನು ರಕ್ತನಾಳಕ್ಕೆ ಚುಚ್ಚಿ, ಮಿದುಳಿನ ಯಾವ ಭಾಗ ಅದನ್ನು ಎಷ್ಟು ಬಳಸುತ್ತಿದೆ ಎಂದು ನೋಡುವ ವಿಧಾನ. ಅಲ್ಝೈಮರ್ಸ್ ಇದ್ದರೆ ಕೆಲವು ಭಾಗಗಳಲ್ಲಿ ಬಳಕೆ ಇಳಿದಿರುತ್ತದೆ.

ಇಇಜಿ, ಎಂಇಜಿ

ನರಕೋಶಗಳ ವಿದ್ಯುತ್ ಚಟುವಟಿಕೆಯನ್ನು ತಲೆಯ ಮೇಲಿಟ್ಟ ಎಲೆಕ್ಟ್ರೋಡ್‌ಗಳಿಂದ ಅಳೆಯುವುದು ಇಇಜಿ. ಮೂರ್ಛೆ ರೋಗದ ತಪಾಸಣೆಯಲ್ಲಿ ಇದು ಪ್ರಮುಖ. ಅದೇ ಚಟುವಟಿಕೆಯಿಂದ ಹುಟ್ಟುವ ಅತಿ ಸೂಕ್ಷ್ಮ ಕಾಂತಕ್ಷೇತ್ರವನ್ನು ಅಳೆಯುವುದು ಎಂಇಜಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ.

ಕೋಲಾರದ ಹಳ್ಳಿಗಳಲ್ಲಿ ನಡೆಯುತ್ತಿರುವುದೇನು?

ಒಬ್ಬರ ಮಿದುಳು ಕುಗ್ಗಿದೆ ಎಂದು ಹೇಳಬೇಕಾದರೆ ಆ ವಯಸ್ಸಿಗೆ ಸಹಜ ಗಾತ್ರ ಎಷ್ಟು ಎಂಬುದು ಗೊತ್ತಿರಬೇಕು. ಜಗತ್ತಿನಾದ್ಯಂತ ಬಳಸುವ ಅಳತೆಗಳು ಬಹುಪಾಲು ಪಾಶ್ಚಾತ್ಯರ ಮಿದುಳುಗಳಿಂದ ಬಂದಿವೆ. 2019ರಲ್ಲಿ ಹೈದರಾಬಾದ್‌ನ ಟ್ರಿಪಲ್ ಐಟಿ ಸಂಶೋಧಕರು ಭಾರತೀಯರ ಮಿದುಳಿನ ನಕಾಶೆ ಸಿದ್ಧಪಡಿಸಿದಾಗ, ಪಾಶ್ಚಾತ್ಯರಿಗೆ ಹೋಲಿಸಿದರೆ ಭಾರತೀಯರ ಮಿದುಳಿನ ಸರಾಸರಿ ಎತ್ತರ, ಅಗಲ ಮತ್ತು ಗಾತ್ರ ಕಡಿಮೆ ಇರುವುದು ಕಂಡುಬಂತು. ಇದಕ್ಕೂ ಬುದ್ಧಿಶಕ್ತಿಗೂ ಸಂಬಂಧವಿಲ್ಲ. ಆದರೆ ಹೊರಗಿನ ಅಳತೆಗೋಲು ಹಿಡಿದರೆ ಆರೋಗ್ಯವಂತರ ಮಿದುಳೂ ಕುಗ್ಗಿದಂತೆ ಕಾಣುವ ಅಪಾಯವಿದೆ.

ಈ ಕೊರತೆ ತುಂಬುವ ಕೆಲಸ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಯುತ್ತಿದೆ. ಮಾವಿಗೆ ಹೆಸರಾದ ಈ ತಾಲೂಕಿನ ಹಳ್ಳಿಗಳ 45 ವರ್ಷ ದಾಟಿದ 10 ಸಾವಿರ ಮಂದಿಯನ್ನು ಒಳಗೊಳ್ಳುವ ಗುರಿಯ ಅಧ್ಯಯನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ. ಎಂಆರ್‌ಐ, ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ವಂಶವಾಹಿ ವಿಶ್ಲೇಷಣೆ ಎಲ್ಲವೂ ಇದರಲ್ಲಿವೆ. ನಗರವಾಸಿಗಳಿಗಾಗಿ ಬೆಂಗಳೂರಿನಲ್ಲೂ ಸುಮಾರು ಸಾವಿರ ಮಂದಿಯ ಪ್ರತ್ಯೇಕ ಅಧ್ಯಯನವಿದೆ.

ವಿಶೇಷವೆಂದರೆ ಇಲ್ಲಿ ಸೇರಿಸಿಕೊಳ್ಳುವುದು ಡಿಮೆನ್ಷಿಯಾ ಇಲ್ಲದವರನ್ನು. ಅಲ್ಝೈಮರ್ಸ್‌ನಲ್ಲಿ ಮರೆವು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ಅದೇ ವ್ಯಕ್ತಿಗಳನ್ನು ವರ್ಷಗಟ್ಟಲೆ ಗಮನಿಸಿದರೆ ಮಾತ್ರ ಯಾರ ಮಿದುಳು ಏಕೆ ಬದಲಾಯಿತು ಎಂಬುದು ತಿಳಿಯುತ್ತದೆ.

ಸ್ಕ್ಯಾನ್‌ನಿಂದ ಮನಸ್ಸು ಓದಬಹುದೇ?

ಇಲ್ಲ. ಎಫ್‌ಎಂಆರ್‌ಐ ಚಿತ್ರದಲ್ಲಿ ಬಣ್ಣದಲ್ಲಿ ಹೊಳೆಯುವ ಭಾಗ ಆಲೋಚನೆಯ ಫೋಟೋ ಅಲ್ಲ. ರಕ್ತದ ಹರಿವಿನ ಬದಲಾವಣೆಯನ್ನು ಲೆಕ್ಕ ಹಾಕಿ ಕಂಪ್ಯೂಟರ್ ಹಚ್ಚಿದ ಬಣ್ಣ ಅದು. ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂದು ತೋರಿಸಲು ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನೇ ಸ್ಕ್ಯಾನ್ ಮಾಡಿದ್ದರು. ಅದರ ಮಿದುಳಿನಲ್ಲೂ 'ಚಟುವಟಿಕೆ' ಕಂಡಿತ್ತು!

ಖಿನ್ನತೆ, ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳನ್ನೂ ಸ್ಕ್ಯಾನ್ ಒಂದರಿಂದಲೇ ಪತ್ತೆ ಹಚ್ಚಲಾಗದು. ಹೀಗಾಗಿ 'ರಿಪೋರ್ಟ್ ನಾರ್ಮಲ್' ಎಂದಾಕ್ಷಣ ತೊಂದರೆಯೇ ಇಲ್ಲ ಎಂದರ್ಥವಲ್ಲ.

ಕಾನೂನು ಕೂಡ ಇಲ್ಲಿ ಗೆರೆ ಎಳೆದಿದೆ. 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ 2010ರ ಮೇ 5ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಯಾರನ್ನೂ ಬಲವಂತವಾಗಿ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಅಥವಾ ಬ್ರೈನ್ ಮ್ಯಾಪಿಂಗ್‌ಗೆ ಒಳಪಡಿಸುವಂತಿಲ್ಲ ಎಂದು ಹೇಳಿತು.

ಸ್ಕ್ಯಾನ್‌ಗೆ ಹೋಗುವ ಮುನ್ನ

* ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್, ದೇಹದೊಳಗೆ ಲೋಹದ ಕ್ಲಿಪ್ ಅಥವಾ ಚೂರು ಇದ್ದರೆ ಎಂಆರ್‌ಐ ಸಿಬ್ಬಂದಿಗೆ ಮೊದಲೇ ತಿಳಿಸಿ.
* ಗರ್ಭಿಣಿಯಾಗಿದ್ದರೆ ಯಾವುದೇ ಸ್ಕ್ಯಾನ್‌ಗೆ ಮುನ್ನ ಹೇಳಲೇಬೇಕು.
* ಎಂಆರ್‌ಐ ಯಂತ್ರ ಜೋರಾಗಿ ಸದ್ದು ಮಾಡುತ್ತದೆ. ಹಿರಿಯರಿಗೆ ಮೊದಲೇ ವಿವರಿಸಿದರೆ ಗಾಬರಿಯಾಗುವುದಿಲ್ಲ.
* ಹಳೆಯ ಫಿಲ್ಮ್, ರಿಪೋರ್ಟ್‌ಗಳನ್ನು ಎಸೆಯಬೇಡಿ. ಹೋಲಿಸಿ ನೋಡಲು ಅವು ಬೇಕು.
* ಬಿ12 ಕೊರತೆ, ಥೈರಾಯ್ಡ್ ಸಮಸ್ಯೆಯಿಂದಲೂ ಮರೆವು ಬರಬಹುದು. ಇವು ಗೊತ್ತಾಗುವುದು ರಕ್ತ ಪರೀಕ್ಷೆಯಲ್ಲಿ. ಬಿದ್ದು ತಲೆಗೆ ಪೆಟ್ಟಾಗಿ ನಿಧಾನವಾಗಿ ರಕ್ತ ಶೇಖರವಾಗಿದ್ದರೆ ಅದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಹಾಗಾಗಿ ಮರೆವನ್ನು ವಯಸ್ಸಿನ ತಲೆಗೆ ಕಟ್ಟುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿ.