ಗೋಡೆಯ ಬರೆಹ

ಕೆಲವು ವರ್ಷಗಳ ಹಿಂದೆ ವಿಚಾರಗೋಷ್ಠಿಯೊಂದರ ನಿಮಿತ್ತ ದೆಹಲಿಗೆ ಹೋಗಿದ್ದೆ. ಅಲ್ಲಿ ಓದಿದ ಪ್ರಬಂಧಗಳೆಲ್ಲ ಈಗ ಮರೆತುಹೋಗಿವೆ. ನನ್ನ ಪ್ರಬಂಧವೂ ಅದಕ್ಕೆ ಹೊರತಲ್ಲ. ಮರೆಯದೆ ಉಳಿದಿರುವುದು ಒಂದು ಬೆಳಗಿನ ನಡಿಗೆ.

ಲೋಧಿ ಕಾಲನಿಯೆಂಬುದು 1940ರ ದಶಕದಲ್ಲಿ ಆಂಗ್ಲ ಸರ್ಕಾರ ತನ್ನ ನೌಕರರಿಗಾಗಿ ಕಟ್ಟಿಸಿದ ಬಡಾವಣೆ. ಅಗಲವಾದ ಬೀದಿಗಳು, ಎತ್ತರದ ಕಮಾನುಗಳು, ಕಿಟಕಿಯಿಲ್ಲದ ದೊಡ್ಡ ಗೋಡೆಗಳು. ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನದವರು ನಡೆಸಿದ ಬೀದಿಕಲೆಯ ಉತ್ಸವಗಳಲ್ಲಿ, 2015–16ರಿಂದ ಮೊದಲುಗೊಂಡು, ದೇಶವಿದೇಶಗಳ ಕಲಾವಿದರು ಆ ಗೋಡೆಗಳ ಮೇಲೆ ಚಿತ್ರ ಬರೆದಿದ್ದಾರೆ. ಟೋಕಿಯೋದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಲೇಡಿ ಐಕೊ ಅಲ್ಲಿ ಬರೆದದ್ದು ಯಾರನ್ನು? ನಮ್ಮ ಝಾನ್ಸಿಯ ರಾಣಿಯನ್ನು! ದೆಹಲಿಯವರೇ ಆದ ಹರ್ಷ್ ರಾಮನ್ ಬರೆದದ್ದು ದೂರದ ಕೇರಳದ ಕಥಕಳಿಯನ್ನು. ಕೆಳಗೆ ತರಕಾರಿಯ ಗಾಡಿ, ಶಾಲೆಗೆ ಹೊರಟ ಮಕ್ಕಳು. ಚಿತ್ರ ನೋಡಲು ಟಿಕೆಟಿಲ್ಲ, ಚಪ್ಪಲಿ ಕಳಚಬೇಕಾಗಿಲ್ಲ, ತಿಳಿದವನಂತೆ ತಲೆಯಾಡಿಸಬೇಕಾಗಿಯೂ ಇಲ್ಲ.

ಇದಕ್ಕೂ ಮೊದಲು, 2014ರಲ್ಲಿ, ಅಂದಿನ ಪೊಲೀಸ್ ಪ್ರಧಾನ ಕಚೇರಿಯ ಗೋಡೆಯ ಮೇಲೆ ಸುಮಾರು 150 ಅಡಿ ಎತ್ತರದ ಗಾಂಧೀಜಿ ಮೂಡಿದ್ದರು. ಬರೆದವರು ಜರ್ಮನಿಯ ಹೆಂಡ್ರಿಕ್ ಬೈಕಿರ್ಖ್ ಮತ್ತು ಬೆಂಗಳೂರಿನ ಕಲಾವಿದೆ ಅನ್ಪು ವರ್ಕಿ. ಬಂದವರ ಕೈಯೂ ನಮ್ಮವರ ಕೈಯೂ ಕೂಡಿ ಆದ ಕೆಲಸ. ಯಾವ ಗೆರೆ ಯಾರದೆಂದು ಗೋಡೆ ಹೇಳುವುದಿಲ್ಲ.

ಕನ್ನಡದ ಮೇಷ್ಟರಾದ ನನಗೆ ಇಲ್ಲಿ ಒಂದು ಮಾತು ತೋಚಿತು. ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ನಮ್ಮ ನುಡಿ ಎರಡಕ್ಕೂ ಒಂದೇ ಕ್ರಿಯಾಪದವನ್ನು ಕೊಟ್ಟಿದೆ. ಆದರೆ ಓಲೆಗರಿಯನ್ನು ಸುಟ್ಟರೆ ಮರುಗುವ ನಾವು, ಗೋಡೆಗೆ ಸುಣ್ಣ ಬಳಿದರೆ ಶುಚಿಯಾಯಿತೆನ್ನುತ್ತೇವೆ.

ಬಿಸಿಲು ಮಳೆಗಳು ಬೀದಿಯ ಚಿತ್ರವನ್ನು ತಿನ್ನುವುದು ಸಹಜ. ಆದರೆ ಅದಕ್ಕಿಂತ ದೊಡ್ಡ ಶತ್ರು ಸುಣ್ಣದ ಬಕೀಟು. ಇದಕ್ಕೆ ನಮ್ಮ ಶ್ರೀರಂಗಪಟ್ಟಣವೇ ಸಾಕ್ಷಿ. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಹೈದರ್, ಟಿಪ್ಪು ಇಬ್ಬರೂ ಸೇರಿ ಕರ್ನಲ್ ಬೇಲಿಯ ಸೈನ್ಯವನ್ನು ಸೋಲಿಸಿದ ಕದನವದು. 1799ರ ಮುತ್ತಿಗೆಗೆ ಮುಂಚೆಯೇ ಈ ಚಿತ್ರ ಕೆಟ್ಟುಹೋಗಿತ್ತು. ಪಟ್ಟಣ ಬಿದ್ದ ಮೇಲೆ ಆ ಅರಮನೆಯಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಬಳಿಕ ಯಾರೋ ಮತ್ತೆ ಸುಣ್ಣ ಬಳಿದರು. 1850ರ ದಶಕದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಪುನಃ ಬರೆಯಿಸಿದ. ತಮ್ಮವರ ಸೋಲಿನ ಚಿತ್ರವನ್ನು ಇಂಗ್ಲಿಷರೇ ಎರಡು ಸಲ ಉಳಿಸಿದರೆಂಬುದು ಸೋಜಿಗ. ಆದರೆ ಅಪ್ಪಣೆಯೊಂದರಿಂದಲೇ ಚಿತ್ರ ಮರಳಿ ಬರುವುದುಂಟೆ? ಮೊದಲಿನ ಚಿತ್ರವನ್ನು ಕಂಡು ನೆನಪಿಟ್ಟುಕೊಂಡಿದ್ದ ಕಲಾವಿದನೊಬ್ಬ ಮೈಸೂರಿನಲ್ಲಿ ಆಗ ಬದುಕಿದ್ದ. ಚಿತ್ರ ಉಳಿದದ್ದು ಅವನ ನೆನಪಿನಲ್ಲಿ.

ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನನ್ನ ದನಿ ಸ್ವಲ್ಪ ಇಳಿಯುತ್ತದೆ. ಕಾರಣವುಂಟು. ದೆಹಲಿಗೆ ಹೋಗುವುದಕ್ಕೂ ಹಿಂದೆ, ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಹಿಂಗೋಡೆಯ ಮೇಲೆ, ಹೊರಗಿನಿಂದ ಬಂದ ಕಲಾವಿದರೊಬ್ಬರೂ ನಮ್ಮ ವಿದ್ಯಾರ್ಥಿಗಳೂ ಕೂಡಿ ಊರ ಸಂತೆಯನ್ನು ಬರೆದಿದ್ದರು. ಮುಂದಿನ ವಾರವೇ ತಪಾಸಣೆಯವರು ಬರುವವರಿದ್ದರು. ಕಟ್ಟಡ ಅಚ್ಚುಕಟ್ಟಾಗಿ ಕಾಣಬೇಕೆಂದು ಸುಣ್ಣ ಬಳಿಯುವ ನಿರ್ಣಯವಾಯಿತು. ಅದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಮಾರನೆಯ ದಿನ ಒಬ್ಬ ಹುಡುಗಿ ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, “ಸರ್, ಸೊಪ್ಪಿನ ಬುಟ್ಟಿಯ ಮುಂದೆ ಕೂತಿದ್ದವರು ನಮ್ಮಮ್ಮ. ಅವರಿಗಿನ್ನೂ ತೋರಿಸಿರಲಿಲ್ಲ,” ಎಂದಳು. ದೂರಿನ ದನಿಯೇನೂ ಇರಲಿಲ್ಲ. ಜೇಬಿನಲ್ಲಿ ಮೊಬೈಲು ಇದ್ದೂ ಒಂದು ಛಾಯಾಚಿತ್ರ ತೆಗೆದುಕೊಳ್ಳಬೇಕೆಂದು ನನಗೆ ತೋಚಿರಲಿಲ್ಲ. ತಪಾಸಣೆಯವರು ಬಂದರು, ಹಿಂಗೋಡೆಯ ಕಡೆ ಹೋಗಲೇ ಇಲ್ಲ.

ಲೋಧಿ ಕಾಲನಿಯ ಗೋಡೆಗಳ ಮುಂದೆ ನಿಂತಾಗ ಆ ಹುಡುಗಿಯ ಮಾತು ಕೇಳಿಸಿತು. ಅಂದಿನಿಂದ ಆ ಸಂತೆಯ ಚಿತ್ರವನ್ನು ಮನಸ್ಸಿನಲ್ಲಿ ಮತ್ತೆ ಬರೆಯಲು ಹವಣಿಸುತ್ತಿದ್ದೇನೆ. ಎತ್ತುಗಳಿದ್ದವು, ಬಳೆಗಾರನಿದ್ದ. ಸೊಪ್ಪಿನ ಬುಟ್ಟಿ ಎಡಕ್ಕಿತ್ತೋ ಬಲಕ್ಕಿತ್ತೋ, ನೆನಪಾಗುತ್ತಿಲ್ಲ.