ಟ್ರಾನ್ಸಿಸ್ಟರಿನೊಳಗಿನ ಬೆಂಗಳೂರು

ಟ್ರಾನ್ಸಿಸ್ಟರ್ ಎಂದರೆ ರೇಡಿಯೋ ಅಲ್ಲ. ರೇಡಿಯೋದ ಹೊಟ್ಟೆಯಲ್ಲಿ ಕುಳಿತ, ಶೇಂಗಾ ಬೀಜದಷ್ಟು ದಪ್ಪದ ಒಂದು ಬಿಡಿಭಾಗ. ಆದರೂ ನಮ್ಮ ಮನೆಗಳಲ್ಲಿ ಇಡೀ ಪೆಟ್ಟಿಗೆಗೇ ಆ ಹೆಸರು ಅಂಟಿಕೊಂಡಿತು. ಅಟ್ಟದ ಮೇಲೋ ಟ್ರಂಕಿನ ತಳದಲ್ಲೋ ಇಂದಿಗೂ ಒಂದು ಟ್ರಾನ್ಸಿಸ್ಟರ್ ಬಿದ್ದಿರದ ಹೊರನಾಡ ಕನ್ನಡಿಗರ ಮನೆ ಅಪರೂಪವೆಂದೇ ನಮ್ಮ ಎಣಿಕೆ. ಭಂಗಾರದವನು ಬಾಗಿಲಿಗೆ ಬಂದಾಗ ಮೊದಲು ಹೊರಗೆ ಹೋಗುವುದೂ ಅದೇ. ಹಾಗೆ ಕೊಡುವ ಮೊದಲು ಅದರ ಹಿಂಬದಿಯ ಮುಚ್ಚಳವನ್ನೊಮ್ಮೆ ತೆಗೆದು ನೋಡಿರೆಂದು ಕೇಳಿಕೊಳ್ಳುವುದಕ್ಕೇ ಈ ಬರಹ.

ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಮೊದಲ ಟ್ರಾನ್ಸಿಸ್ಟರನ್ನು ನಡೆಸಿ ತೋರಿಸಿದ್ದು ೧೯೪೭ರ ಡಿಸೆಂಬರಿನಲ್ಲಿ. ಅವರಿಗೂ ಶಾಕ್ಲಿಗೂ ೧೯೫೬ರಲ್ಲಿ ನೊಬೆಲ್ ಬಂತು. ಅಷ್ಟರೊಳಗೆ ಅಂಗಡಿಗೆ ರೇಡಿಯೋ ಬಂದಾಗಿತ್ತು: ೧೯೫೪ರಲ್ಲಿ ರೀಜೆನ್ಸಿ ಟಿಆರ್-೧, ನಾಲ್ಕೇ ಟ್ರಾನ್ಸಿಸ್ಟರ್, ಬೆಲೆ ೫೦ ಡಾಲರಿಗೆ ಐದು ಸೆಂಟ್ ಕಡಿಮೆ. ಮರುವರ್ಷವೇ ಜಪಾನಿನವರು ಸೋನಿ ಹೆಸರಿನಲ್ಲಿ ತಮ್ಮದನ್ನು ತಂದರು. ಮುಂದಿನ ಕಥೆ ಜಗತ್ತಿಗೇ ಗೊತ್ತು.

ನಮಗೆ ಬೇಕಾದ ಕಥೆ ಬೇರೆ. ಆ ೧೯೫೪ರಲ್ಲಿಯೇ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಹುಟ್ಟಿತು. ಸೈನ್ಯಕ್ಕೆ ಬೇಕಾದ ಉಪಕರಣಗಳನ್ನು ಮಾಡಲೆಂದು ಹುಟ್ಟಿದ ಈ ಸರಕಾರಿ ಸಂಸ್ಥೆ ೧೯೬೧ರಲ್ಲಿ ರೇಡಿಯೋ ವಾಲ್ವ್‌ಗಳನ್ನೂ ೧೯೬೨ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಮುಂದೆ ದೇಶದ ಮೂಲೆಮೂಲೆಯ ರೇಡಿಯೋಗಳಲ್ಲಿ ಬಿಇಎಲ್ ಎಂಬ ಗುರುತಿನ ಈ ಪುಟ್ಟ ಡಬ್ಬಿಗಳು ಕುಳಿತವು. ಎಸಿ ೧೨೮ ಎಂಬ ಅಂಕಿ ಹಳೆಯ ಮೆಕ್ಯಾನಿಕ್ಕುಗಳಿಗೆ ಮನೆಮಕ್ಕಳ ಹೆಸರಿನಷ್ಟೇ ಪರಿಚಿತ. ಮುಚ್ಚಳ ತೆಗೆದು ನೋಡಿರೆಂದು ಮೊದಲೇ ಹೇಳಿದ್ದು ಇದಕ್ಕೇ. ಮುಂಬಯಿಯ ಚಾಳಿನಲ್ಲಿ ಕುಳಿತು ನಾವು ಬೆಂಗಳೂರಿನ ದನಿ ಕೇಳುತ್ತಿದ್ದಾಗ, ಆ ದನಿಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ದಾಟಿಸುತ್ತಿದ್ದುದೂ ಎಷ್ಟೋ ಸಲ ಬೆಂಗಳೂರಿನ ಮಾಲೇ ಆಗಿತ್ತು.

ಬಾನುಲಿಗೂ ಕನ್ನಡ ನಾಡಿಗೂ ನಂಟು ಇನ್ನೂ ಹಳೆಯದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ೩೦ ವ್ಯಾಟಿನ ಪ್ರಸಾರ ಆರಂಭಿಸಿದರು. ಹಿಂದೆ ಮನೆಯಲ್ಲಿ ಉರಿಯುತ್ತಿದ್ದ ಒಂದು ಸಾಧಾರಣ ತಂತಿಯ ಬಲ್ಬಿಗಿಂತ ಹೆಚ್ಚಿನ ಶಕ್ತಿಯೇನಲ್ಲ ಅದು! ಆ ಕೇಂದ್ರಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರನ್ನೇ ೧೯೫೦ರ ದಶಕದಲ್ಲಿ ಇಡೀ ದೇಶದ ಬಾನುಲಿ ಎತ್ತಿಕೊಂಡಿತು. ಧಾರವಾಡ ಕೇಂದ್ರ ೧೯೫೦ರ ಜನವರಿಯಲ್ಲಿ ಆರಂಭವಾಯಿತು. ೧೯೫೫ರ ನವೆಂಬರಿನಲ್ಲಿ ಮೈಸೂರಿನದು ಬೆಂಗಳೂರಿಗೆ ಬಂತು.

ವಾಲ್ವ್ ರೇಡಿಯೋಗಳ ಕಾಲದಲ್ಲಿ ಪರವೂರಿಗೆ ಬಂದ ನಮ್ಮ ಹಿರಿಯರಿಗೆ ಈ ಕೇಂದ್ರಗಳು ಬಲು ದೂರ. ರೇಡಿಯೋ ಎಂದರೆ ಮೇಜು ತುಂಬುವ ಮರದ ಪೆಟ್ಟಿಗೆ. ಕರೆಂಟು ಬೇಕು, ಮಾಳಿಗೆಯ ಮೇಲೆ ಏರಿಯಲ್ ತಂತಿ ಬೇಕು, ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸಿನ ಹಣ ಕಟ್ಟಬೇಕು. ಒಂದೇ ಖೋಲಿಯಲ್ಲಿ ಆರೇಳು ಮಂದಿ ಮಲಗುವಲ್ಲಿ ಅದಕ್ಕೆ ಜಾಗವೆಲ್ಲಿ? ಟ್ರಾನ್ಸಿಸ್ಟರ್ ಬಂದ ಮೇಲೂ ಲೈಸೆನ್ಸ್ ತಪ್ಪಲಿಲ್ಲ, ಅದು ಹೋದದ್ದು ೧೯೮೦ರ ದಶಕದ ನಡುಭಾಗದಲ್ಲಿ. ಆದರೆ ಉಳಿದ ರಗಳೆಗಳೆಲ್ಲ ತಪ್ಪಿದವು. ನಾಲ್ಕು ಸೆಲ್ ಹಾಕಿದರೆ ಮುಗಿಯಿತು; ಕಿಟಕಿಯ ಕಟ್ಟೆಯೂ ಸಾಕು, ತಲೆದಿಂಬಿನ ಬದಿಯೂ ಸಾಕು.

ಹಗಲು ಮುಂಬಯಿಯಲ್ಲಿ ಧಾರವಾಡ ಸಿಕ್ಕುವುದು ಕಷ್ಟ. ನೇರ ಗೆರೆ ಎಳೆದರೆ ಸುಮಾರು ೪೬೦ ಕಿಲೋಮೀಟರ್. ಹೊತ್ತು ಮುಳುಗಿದ ಮೇಲೆ ಮಾತ್ರ ದಾರಿ ತೆರೆಯುತ್ತದೆ. ಬಾನಿನ ಮೇಲುಸ್ತರದಲ್ಲಿ ಮಧ್ಯಮ ತರಂಗಗಳನ್ನು ಹಗಲೆಲ್ಲ ಹೀರಿಕೊಳ್ಳುವ ಒಂದು ಪದರವಿದೆ. ಬಿಸಿಲಿಲ್ಲದೆ ಅದು ಬಾಳದು. ಅದು ಕರಗಿದೊಡನೆ ತರಂಗಗಳು ಇನ್ನೂ ಮೇಲಿನ ಪದರಕ್ಕೆ ತಾಗಿ, ಗೋಡೆಗೆ ಬಡಿದ ಚೆಂಡಿನಂತೆ ದೂರದೂರಿಗೆ ಮರಳಿ ಬೀಳುತ್ತವೆ. ಹೀಗಾಗಿ ರಾತ್ರಿಯೂಟದ ಹೊತ್ತಿಗೆ ೭೬೫ ಕಿಲೋಹರ್ಟ್ಸ್‌ನಲ್ಲಿ ಧಾರವಾಡ, ೬೧೨ರಲ್ಲಿ ಬೆಂಗಳೂರು ಕಿವಿಗೆ ಬೀಳುತ್ತಿದ್ದವು. ಒಮ್ಮೆ ಸ್ಪಷ್ಟ, ಒಮ್ಮೆ ಬಾವಿಯೊಳಗಿಂದ ಕೂಗಿದಂತೆ. ಮಲ್ಲಿಕಾರ್ಜುನ ಮನ್ಸೂರರ ಆಲಾಪ ಏರುವಾಗಲೇ ದನಿ ಇಳಿದುಹೋಗಿ, ಮತ್ತೆ ಬರುವಷ್ಟರಲ್ಲಿ ಚಪ್ಪಾಳೆಯೇ ಮುಗಿದಿರುತ್ತಿತ್ತು. ಪರವೂರಿನಲ್ಲಿ ಹುಟ್ಟಿ, ಶಾಲೆಯಲ್ಲಿ ಕನ್ನಡ ಕಲಿಯದ ನಮ್ಮ ಮಕ್ಕಳ ಕಿವಿಗೆ ಮನೆಮಾತಿನಾಚೆಯ ಕನ್ನಡ ಬಿದ್ದದ್ದು ಹೆಚ್ಚಾಗಿ ಹೀಗೆಯೇ. ವಾರ್ತೆಯ ಕನ್ನಡ ಒಂದು ಬಗೆ, ರೈತರ ಕಾರ್ಯಕ್ರಮದ ಕನ್ನಡ ಇನ್ನೊಂದು, ನಾಟಕದ್ದು ಮತ್ತೊಂದು. ಮನೆಯ ನಾಲ್ಕು ಗೋಡೆಗಳ ನಡುವೆ ಅಷ್ಟು ಬಗೆಯ ಕನ್ನಡ ಅಪ್ಪ ಅಮ್ಮಂದಿರ ಬಾಯಲ್ಲೂ ಇರಲಿಲ್ಲ.

ಇನ್ನು ರಿಪೇರಿ. ಹಳೆಯ ಸೆಟ್ಟು ಮಾತಾಡದಿದ್ದರೆ ಸತ್ತಿದೆಯೆಂದು ತಿಳಿಯಬಾರದು. ಒಳಗೇ ಬಿಟ್ಟ ಸೆಲ್ಲುಗಳು ಸೋರಿ ಸ್ಪ್ರಿಂಗಿಗೆ ಕಿಲುಬು ಹಿಡಿಸಿರುವುದೇ ಹೆಚ್ಚು. ಮರಳುಕಾಗದದಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದರೆ ಅರ್ಧ ಸೆಟ್ಟುಗಳು ಎದ್ದು ಕೂರುತ್ತವೆ. ವಾಲ್ಯೂಮ್ ತಿರುವಿದರೆ ಗರಗರ ಎಂದರೆ ಅದರೊಳಗಿನ ಇಂಗಾಲದ ಪಟ್ಟಿ ಕೊಳೆಯಾಗಿದೆ. ಒಂದು ಹನಿ ಕ್ಲೀನರ್ ಬಿಟ್ಟು ಹತ್ತಾರು ಬಾರಿ ತಿರುಗಿಸಿರಿ.

ಸೆಟ್ಟು ದೋಣಿಯ ಎಂಜಿನ್ನಿನಂತೆ 'ಡಬ್ ಡಬ್' ಎಂದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗಿವೆ. ವಯಸ್ಸಾದ ಸೆಟ್ಟಿನಲ್ಲಿ ಇವನ್ನೆಲ್ಲ ಬದಲಿಸುವುದೇ ಲೇಸು. ಬದಲಿಸುವಾಗ ಎಚ್ಚರ: ಜರ್ಮೇನಿಯಂ ಸೆಟ್ಟುಗಳಲ್ಲಿ ಅನೇಕವಕ್ಕೆ ಬ್ಯಾಟರಿಯ ಧನ ತುದಿಯೇ ಅರ್ತ್. ಇಂದಿನ ಹುಡುಗರು ಅಭ್ಯಾಸಬಲದಿಂದ ಕೆಪಾಸಿಟರನ್ನು ತಲೆಕೆಳಗಾಗಿ ಹಾಕಿಬಿಡುತ್ತಾರೆ. ಜರ್ಮೇನಿಯಂ ಬಿಸಿಯನ್ನೂ ತಾಳದು. ಬೆಸುಗೆ ಹಾಕುವಾಗ ಅದರ ಕಾಲನ್ನು ಚಿಮ್ಮಟದಲ್ಲಿ ಹಿಡಿದುಕೊಂಡರೆ ಬಿಸಿ ಚಿಮ್ಮಟಕ್ಕೆ ಹರಿಯುತ್ತದೆ. ಎಎಫ್ ೧೧೭ರಂಥ ನಾಲ್ಕು ಕಾಲಿನ ಕೆಲವು ಟ್ರಾನ್ಸಿಸ್ಟರುಗಳದು ವಿಚಿತ್ರ ರೋಗ. ಅವುಗಳ ಡಬ್ಬಿಯೊಳಗೆ ತವರವು ಕೂದಲಿನಂತೆ ಎಳೆಎಳೆಯಾಗಿ ಬೆಳೆದು ಒಳಭಾಗಕ್ಕೆ ತಾಗುತ್ತದೆ. ಡಬ್ಬಿಗೆ ಸೇರಿದ ನಾಲ್ಕನೆಯ ಕಾಲನ್ನು ಕತ್ತರಿಸಿದರೆ ಎಷ್ಟೋ ಸಲ ಅದು ಮತ್ತೆ ಕೆಲಸ ಮಾಡುತ್ತದೆ.

ಒಂದನ್ನು ಮಾತ್ರ ಮುಟ್ಟಲೇಬೇಡಿ. ಹಳದಿ, ಬಿಳಿ, ಕಪ್ಪು ತಲೆಯ ಪುಟ್ಟ ಲೋಹದ ಡಬ್ಬಿಗಳಿರುತ್ತವಲ್ಲ, ಅವುಗಳ ನಡುವಿನ ತಿರುಪನ್ನು ಕಂಡರೆ ಯಾರ ಕೈಯೂ ತುರಿಸುತ್ತದೆ. ಸೆಟ್ಟಿನ ಶ್ರುತಿ ಇರುವುದೇ ಅಲ್ಲಿ. ಅಳೆಯುವ ಯಂತ್ರವಿಲ್ಲದೆ ತಿರುಗಿಸಿದರೆ ಶ್ರುತಿ ತಪ್ಪುತ್ತದೆ. ಅದೃಷ್ಟ ಕೆಟ್ಟರೆ ತಿರುಪೇ ಮುರಿಯುತ್ತದೆ.

ಹಳೆಯ ಪೆಟ್ಟಿಗೆಯ ಒಳಗನ್ನೆಲ್ಲ ಕಿತ್ತೆಸೆದು, ಮೊಬೈಲಿನ ಹಾಡು ನುಡಿಸುವ ಹೊಸ ಹಲಗೆ ಕೂರಿಸಿ ಮಾರುವವರು ಈಗ ಹೆಚ್ಚಿದ್ದಾರೆ. ನಮಗದು ಹಿಡಿಸದು. ಧಾರವಾಡವನ್ನೂ ಬೆಂಗಳೂರನ್ನೂ ಮೊಬೈಲಿನಲ್ಲೇ ಸ್ವಚ್ಛವಾಗಿ ಕೇಳಬಹುದು, ನಿಜ, ನಾವೂ ಕೇಳುತ್ತೇವೆ. ಅದಕ್ಕಾಗಿ ಹಳೆಯ ಸೆಟ್ಟಿನ ಕರುಳು ಕೀಳಬೇಕೇ? ಹೇಗೂ ದೇಶದಲ್ಲಿ ಹಲವು ಮಧ್ಯಮ ತರಂಗ ಪ್ರಸಾರಕಗಳು ಈಗಾಗಲೇ ನಿಂತುಹೋಗಿವೆ. ಉಳಿದವು ಎಷ್ಟು ದಿನವೋ. ರಿಪೇರಿಯ ಆಸೆಯಿದ್ದವರು ತಡಮಾಡದಿರುವುದು ಒಳ್ಳೆಯದು.

ಸೆಟ್ಟು ಸರಿಯಾದ ಮೇಲೆ ಮನೆಯ ಎಲ್‌ಇಡಿ ದೀಪಗಳನ್ನೂ ಚಾರ್ಜರುಗಳನ್ನೂ ಆರಿಸಿರಿ. ಕಿವಿ ತುಂಬುವ ಗುಂಯ್‌ಗುಡುವಿಕೆ ಬಹುಪಾಲು ಅವುಗಳದೇ. ಕತ್ತಲಾದ ಮೇಲೆ ಬಾಲ್ಕನಿಗೆ ಒಯ್ದು, ನಿಲ್ದಾಣ ಸಿಕ್ಕೊಡನೆ ಪೆಟ್ಟಿಗೆಯನ್ನೇ ಮೆಲ್ಲಗೆ ತಿರುಗಿಸಿರಿ. ಒಳಗಿನ ಫೆರೈಟ್ ಕಡ್ಡಿಯೇ ಅದರ ಏರಿಯಲ್: ಕಡ್ಡಿಯ ಮಗ್ಗುಲು ನಿಲ್ದಾಣದ ಕಡೆಗಿದ್ದರೆ ದನಿ ಏರುತ್ತದೆ, ತುದಿ ಅತ್ತ ತಿರುಗಿದರೆ ಇಳಿಯುತ್ತದೆ. ಮುಂಬಯಿಯಲ್ಲಿದ್ದವರು ಕಡ್ಡಿಯ ಮಗ್ಗುಲನ್ನು ಆಗ್ನೇಯಕ್ಕೆ ಹಿಡಿದು ೭೬೫ರ ಸುತ್ತ ಹುಡುಕಬೇಕು. ದಿಲ್ಲಿಯವರಿಗೆ ಬೆಂಗಳೂರು ನೇರ ದಕ್ಷಿಣ.