ಪ್ಯಾಚಮ್ ಗುಡ್ಡದ ಛತ್ರಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ನಿಗೆ ಹೋದವರು ಸಾಮಾನ್ಯವಾಗಿ ಗುಂಡುಕಲ್ಲಿನ ಬೀಚು ನೋಡಿ, ಸಮುದ್ರದೊಳಕ್ಕೆ ಚಾಚಿರುವ ಪಿಯರ್ ಮೇಲೆ ಒಂದಿಷ್ಟು ಅಡ್ಡಾಡಿ, ಸಂಜೆ ಲಂಡನ್ ರೈಲು ಹಿಡಿಯುತ್ತಾರೆ. ಊರಿನ ಬೆನ್ನಿಗೆ ಇರುವ ಗುಡ್ಡಗಳ ಕಡೆ ಮುಖ ಮಾಡುವವರು ಕಡಿಮೆ. ಸೌತ್ ಡೌನ್ಸ್ ಎಂದು ಅವುಗಳ ಹೆಸರು. ಡೌನ್ ಅಂದರೆ ಇಲ್ಲಿ ಕೆಳಗೆ ಅಂತಲ್ಲ, ಹಳೆಯ ಇಂಗ್ಲಿಷಿನಲ್ಲಿ ಗುಡ್ಡ ಅಂತಲೇ ಅರ್ಥ. ನಮ್ಮ ಮಲೆನಾಡಿನವರು ಇವನ್ನು ಗುಡ್ಡ ಎನ್ನಲು ಒಪ್ಪಲಿಕ್ಕಿಲ್ಲ. ಬಾಬಾಬುಡನ್‌ಗಿರಿ ನೋಡಿದ ಕಣ್ಣಿಗೆ ಇವೆಲ್ಲ ದಿಣ್ಣೆಗಳೇ. ಮರ ಕಡಿಮೆ, ಹುಲ್ಲು ಜಾಸ್ತಿ, ಹುಲ್ಲಿನ ಕೆಳಗೆ ಸೀಮೆಸುಣ್ಣದಂಥ ಬಿಳಿ ಕಲ್ಲು. ಅಲ್ಲಲ್ಲಿ ಕುರಿ. ಆದರೂ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ಊರು, ಅದರಾಚೆ ಸಮುದ್ರ ಒಂದೇ ಗೆರೆಯಲ್ಲಿ ಕಾಣುತ್ತದೆ. ಚೆಂದ ಅಂದರೆ ಚೆಂದವೇ.

ಪ್ಯಾಚಮ್ ಎಂಬ ಹಳೆಯ ಹಳ್ಳಿಯ ಮೇಲಿನ ಗುಡ್ಡಕ್ಕೆ ಕಾರು ಹೋಗುವುದಿಲ್ಲ. ಬೈಪಾಸ್ ರಸ್ತೆಯ ಸದ್ದನ್ನು ಹಿಂದೆ ಬಿಟ್ಟು, ಬೇಲಿಯ ಗೇಟು ತೆಗೆದು, ಹಾಕಿ, ಕುರಿಗಳ ನಡುವೆ ನಡೆದೇ ಹೋಗಬೇಕು. ಕೊನೆಗೆ ಹಸಿರು ಇಳಿಜಾರಿನಲ್ಲಿ ಒಂದು ಬಿಳಿ ಗುಮ್ಮಟ ಕಾಣಿಸುತ್ತದೆ. ಎಂಟು ಕಂಬ, ಮೇಲೊಂದು ಗೋಪುರ, ಥೇಟ್ ರಾಜಸ್ಥಾನದ ಯಾವುದೋ ಕೋಟೆಯ ಮೂಲೆಯಿಂದ ಎತ್ತಿ ತಂದು ಇಟ್ಟ ಹಾಗೆ. ಅಮೃತಶಿಲೆ ಮಾತ್ರ ಸಿಸಿಲಿಯದು. ಇದಕ್ಕೆ ಅಲ್ಲಿಯ ಜನ ಇವತ್ತಿಗೂ ಛತ್ರಿ ಎಂದೇ ಅನ್ನುತ್ತಾರೆ. ಅದರ ಬುಡದಲ್ಲಿ ಮೂರು ಗ್ರಾನೈಟ್ ಹಾಸುಗಲ್ಲುಗಳಿವೆ. ಅವುಗಳ ಕೆಳಗಿರುವುದು ಚಿತೆಯ ಕಟ್ಟೆಗಳು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ಸತ್ತ 53 ಮಂದಿ ಹಿಂದೂ ಮತ್ತು ಸಿಖ್ ಸಿಪಾಯಿಗಳನ್ನು ಸುಟ್ಟದ್ದು ಇಲ್ಲಿ.

ಇವರು ಇಲ್ಲಿಗೆ ಬಂದದ್ದು ಹೇಗೆ? 1914ರ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಸೆಪ್ಟೆಂಬರ್ ಕೊನೆಗಾಗಲೇ ಭಾರತದ ಸೈನ್ಯ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದಿತ್ತು. ಲಾಹೋರ್ ಮತ್ತು ಮೀರಠ್ ಡಿವಿಷನ್ನುಗಳು. ಪಂಜಾಬಿನ ಗೋಧಿ ಹೊಲದಿಂದ, ಗಢವಾಲದ ಬೆಟ್ಟದಿಂದ, ನೇಪಾಳದಿಂದ ಬಂದ ಹುಡುಗರು. ಬಿಸಿಲಿನ ದೇಶದ ಬಟ್ಟೆ ತೊಟ್ಟು ಬಂದವರನ್ನು ಆ ಚಳಿಗಾಲದಲ್ಲಿ ಕೆಸರಿನ ಕಂದಕಕ್ಕೆ ಇಳಿಸಿದರು. ಗಾಯಗೊಂಡವರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ದಾಟಿಸಿ, ರೈಲಿನಲ್ಲಿ ಬ್ರೈಟನ್ನಿಗೆ ತಂದರು. ಹನ್ನೆರಡು ಸಾವಿರದಷ್ಟು ಮಂದಿ ಹೀಗೆ ಬಂದರು ಅಂತ ಲೆಕ್ಕ.

ಬ್ರೈಟನ್ನೇ ಯಾಕೆ ಅಂದರೆ ಅಲ್ಲೊಂದು ತಮಾಷೆಯ ಕಟ್ಟಡವಿದೆ, ರಾಯಲ್ ಪೆವಿಲಿಯನ್. ಮುಂದೆ ನಾಲ್ಕನೆಯ ಜಾರ್ಜ್ ಆದ ಶೋಕಿ ರಾಜಕುಮಾರನಿಗಾಗಿ ಜಾನ್ ನ್ಯಾಶ್ ಎಂಬಾತ 1815ರಿಂದ ಏಳೆಂಟು ವರ್ಷ ಕೂತು ಅದಕ್ಕೆ ಈಗಿನ ರೂಪ ಕೊಟ್ಟ. ಹೊರಗೆ ಮೊಗಲರ ಗುಮ್ಮಟ, ಮಿನಾರು, ಒಳಗೆ ಪೂರ್ತಿ ಚೀನಾ. ಭಾರತವನ್ನು ಕಣ್ಣಾರೆ ನೋಡದವನು ಚಿತ್ರಪಟ ನೋಡಿ ಕಟ್ಟಿದ ಭಾರತ ಅದು. (ನಗುವ ಹಾಗೇನೂ ಇಲ್ಲ ಬಿಡಿ. 1912ರಲ್ಲಿ ಮುಗಿದ ನಮ್ಮ ಮೈಸೂರು ಅರಮನೆಯ ನಕ್ಷೆಯೂ ಹೆನ್ರಿ ಇರ್ವಿನ್ ಎಂಬ ಬ್ರಿಟಿಷನದೇ ತಾನೆ?) ಆ ಗುಮ್ಮಟಗಳನ್ನು ನೋಡಿದರೆ ಸಿಪಾಯಿಗಳಿಗೆ ತಮ್ಮೂರಲ್ಲೇ ಇದ್ದ ಹಾಗೆ ಅನಿಸೀತು ಎಂದು ದೊಡ್ಡವರು ಭಾವಿಸಿದ್ದರಂತೆ. ಗಢವಾಲದ ಬೆಟ್ಟದ ರೈತ ಯಾವತ್ತು ಗುಮ್ಮಟದ ಕೆಳಗೆ ಮಲಗಿದ್ದ!

ಇನ್ನೂ ಒಂದು ಮಾತು ಹಬ್ಬಿಸಿದರು. ರಾಜ ತನ್ನ ಸ್ವಂತ ಅರಮನೆಯನ್ನೇ ನಿಮಗಾಗಿ ಬಿಟ್ಟುಕೊಟ್ಟಿದ್ದಾನೆ ಅಂತ. ನಿಜವೇನೆಂದರೆ ವಿಕ್ಟೋರಿಯಾ ರಾಣಿಗೆ ಆ ಕಟ್ಟಡ ಹಿಡಿಸಿರಲಿಲ್ಲ, 1850ರಲ್ಲೇ ಅದು ಊರಿನ ಆಡಳಿತಕ್ಕೆ ಮಾರಾಟವಾಗಿತ್ತು. ಆದರೂ ಪೆವಿಲಿಯನ್ ಆಸ್ಪತ್ರೆಯ ಬಗ್ಗೆ ಇಂಗ್ಲಿಷ್, ಗುರುಮುಖಿ, ಉರ್ದುವಿನಲ್ಲಿ ಪುಸ್ತಕ ಅಚ್ಚು ಹಾಕಿಸಿದರು, ಚಿತ್ರದ ಕಾರ್ಡುಗಳನ್ನು ಹಂಚಿದರು. ಸಿಪಾಯಿಗಳು ಊರಿಗೆ ಬರೆದ ಕಾಗದಗಳನ್ನು ಸೆನ್ಸಾರ್ ಅಧಿಕಾರಿಗಳು ಒಡೆದು ಓದುತ್ತಿದ್ದರು. ಊರಲ್ಲಿ ಇನ್ನೂ ಹುಡುಗರು ಪಲ್ಟನ್ ಸೇರಬೇಕಿತ್ತಲ್ಲ.

ಹಾಗಂತ ಉಪಚಾರವೆಲ್ಲ ನಾಟಕ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಪೆವಿಲಿಯನ್ನಿನ ಅಂಗಳದಲ್ಲಿ ಒಂಬತ್ತು ಅಡುಗೆಮನೆ ಇದ್ದವು, ಒಬ್ಬರು ಮುಟ್ಟಿದ್ದು ಇನ್ನೊಬ್ಬರಿಗೆ ಆಗದು ಅಂತ. ಹಿಂದೂಗಳಿಗೆ, ಮುಸಲ್ಮಾನರಿಗೆ ಬೇರೆ ಬೇರೆ ನೀರಿನ ನಲ್ಲಿ. ಸಿಖ್ಖರ ಪ್ರಾರ್ಥನೆಗೆ ಡೇರೆ, ನಮಾಜಿಗೆ ಹುಲ್ಲುಹಾಸು. ಬೋರ್ಡುಗಳು ಉರ್ದು, ಹಿಂದಿ, ಗುರುಮುಖಿಯಲ್ಲಿ. ಅದೇ ಊರಿನ ಕಿಚನರ್ ಆಸ್ಪತ್ರೆಯಲ್ಲಿ ಗೋಡೆಯ ಮೇಲೆ ಮುಳ್ಳುತಂತಿ ಹಾಕಿ, ಗಾಯಾಳುಗಳು ಪೇಟೆಗೆ ತಿರುಗಾಡಲು ಹೋಗದಂತೆ ತಡೆದದ್ದೂ ಉಂಟು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಕತೆ ಸುಳ್ಳಾಗುತ್ತದೆ.

ಸತ್ತವರ ವಿಷಯದಲ್ಲಿ ಮಾತ್ರ ಸರ್ಕಾರ ಬಹಳ ಎಚ್ಚರದಿಂದಿತ್ತು. ಸಂಸ್ಕಾರ ಕೆಟ್ಟಿತು ಎಂಬ ಸುದ್ದಿ ಊರಿಗೆ ಮುಟ್ಟಿದರೆ ಪಲ್ಟನ್ನುಗಳಲ್ಲಿ ಏನಾದೀತು ಎಂಬ ಭಯ ಒಂದು ಕಡೆ. ಊರಿಂದ ದೂರ, ಗಾಳಿ ಮಳೆಯ ಈ ಗುಡ್ಡದ ಮೇಲೆ ಜಾಗ ಮಾಡಿದರು. 1914ರ ಡಿಸೆಂಬರ್ ಕೊನೆಯಿಂದ ಮುಂದಿನ ಒಂದು ವರ್ಷ ಇಲ್ಲಿ ಚಿತೆ ಉರಿಯಿತು. ಸೌದೆ, ತುಪ್ಪ, ಕರ್ಪೂರ ಎಲ್ಲ ಹೊಂದಿಸುತ್ತಿದ್ದರು. ಕೊಳ್ಳಿ ಇಟ್ಟವರು ಮಗನೂ ಅಲ್ಲ, ತಮ್ಮನೂ ಅಲ್ಲ, ಪಕ್ಕದ ಮಂಚದಲ್ಲಿ ಮಲಗಿದ್ದ ಅದೇ ಜಾತಿಯ, ಅದೇ ಮತದ ಯಾರೋ. ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಗಂಗೆಯಲ್ಲ, ಇಂಗ್ಲಿಷ್ ಚಾನೆಲ್.

ಊರಲ್ಲಿರುವ ನಿಮಗೆ ಈ ಮಾತು ಎಷ್ಟು ತಟ್ಟುತ್ತದೋ ಗೊತ್ತಿಲ್ಲ. ದೆಹಲಿಯಲ್ಲಿ ಮೂವತ್ತು ವರ್ಷದಿಂದ ಇರುವ ನಮ್ಮಂಥವರಿಗೆ ತಟ್ಟುತ್ತದೆ. ಪರಊರಲ್ಲಿ ಬದುಕೋದನ್ನು ಹೇಗೋ ಕಲಿಯುತ್ತೇವೆ. ಹಿಂದಿ ಬರುತ್ತದೆ, ರೊಟ್ಟಿ ಒಗ್ಗುತ್ತದೆ, ಕರೋಲ್‌ಬಾಗಿನಲ್ಲಿ ಎಲ್ಲಿ ಕಾಫಿಪುಡಿ ಸಿಗುತ್ತದೆ ಎಂಬುದೂ ತಿಳಿಯುತ್ತದೆ. ಸಾಯೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ನನ್ನ ಆಫೀಸಿನ ಹಿರಿಯ ಕನ್ನಡಿಗರೊಬ್ಬರು ಒಂದು ಜನವರಿಯ ಮಂಜಿನಲ್ಲಿ ತೀರಿಕೊಂಡರು. ಧಾರವಾಡ ಕಡೆಯವರು. ಮಗ ರೈಲಿನಲ್ಲಿ ಬರುವುದಕ್ಕೆ ಎರಡು ದಿನ. ನಿಗಮಬೋಧ್ ಘಾಟಿನಲ್ಲಿ ನಮ್ಮ ಕಡೆಯ ಮಂತ್ರ, ಕ್ರಮ ತಿಳಿದವರು ಯಾರಿದ್ದಾರೆ ಎಂದು ನಾವು ನಾಲ್ಕು ಜನ ಕನ್ನಡ ಸಂಘದ ಫೋನು ನಂಬರುಗಳನ್ನೆಲ್ಲ ತಿರುಗಿಸಿದ್ದು ನೆನಪಿದೆ. ಕೊನೆಗೆ ಕೊಳ್ಳಿ ಇಟ್ಟದ್ದು ಅವರ ಪಕ್ಕದ ಟೇಬಲ್ಲಿನ ಗೆಳೆಯರು. ಆ ಗುಡ್ಡದ ಮೇಲೆ ನಿಂತಾಗ ನನ್ನ ಕಣ್ಣಿಗೆ ಬಂದದ್ದು ಅವರೇ, ಪಂಜಾಬಿನ ಸಿಪಾಯಿ ಅಲ್ಲ.

ಈ 53 ಮಂದಿಯಲ್ಲಿ ಕನ್ನಡದವರನ್ನು ಹುಡುಕಿಕೊಂಡು ನಾನು ಹೋಗಿರಲಿಲ್ಲ. ಮೈಸೂರು ಲಾನ್ಸರ್ಸ್ ಕುದುರೆಪಡೆ ಹೋದದ್ದು ಫ್ರಾನ್ಸಿಗಲ್ಲ, ಸೂಯೆಜ್ ಮತ್ತು ಪ್ಯಾಲೆಸ್ಟೈನ್ ಕಡೆಗೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣ ಗೆದ್ದದ್ದು ಅವರು. ದೆಹಲಿಯ ತೀನ್‌ಮೂರ್ತಿ ವೃತ್ತದ ಮೂರು ಕಂಚಿನ ಸಿಪಾಯಿಗಳಲ್ಲಿ ಒಬ್ಬ ಮೈಸೂರಿನವನು, ಉಳಿದಿಬ್ಬರು ಹೈದರಾಬಾದ್, ಜೋಧಪುರದವರು. 2018ರಲ್ಲಿ ವೃತ್ತದ ಹೆಸರಿಗೆ ಹೈಫಾ ಸೇರಿತು. ಅದರ ಸುತ್ತ ದಿನಾ ತಿರುಗುವ ದೆಹಲಿ ಕನ್ನಡಿಗರಲ್ಲಿ ಎಷ್ಟು ಜನ ತಲೆಯೆತ್ತಿ ನೋಡಿದ್ದಾರೋ!

ಇರಲಿ, ಗುಡ್ಡಕ್ಕೆ ಬರೋಣ. ಸುಟ್ಟ ಜಾಗದಲ್ಲಿ ನೆನಪಿಗೊಂದು ಛತ್ರಿ ಕಟ್ಟಬೇಕು ಎಂಬ ಯೋಚನೆ 1915ರಲ್ಲೇ ಹುಟ್ಟಿತು. ಹಚ್ಚಿಕೊಂಡು ಓಡಾಡಿದವರು ಇಂಡಿಯನ್ ಮೆಡಿಕಲ್ ಸರ್ವಿಸ್‌ನ ದಾಸ್‌ಗುಪ್ತ ಎಂಬ ವೈದ್ಯರು ಮತ್ತು ಬ್ರೈಟನ್ನಿನ ಮೇಯರ್ ಜಾನ್ ಆಟರ್. ನಕ್ಷೆ ಬರೆದದ್ದು ಮುಂಬಯಿಯ ಇ. ಸಿ. ಹೆನ್ರಿಕ್ಸ್ ಎಂಬ ತರುಣ. ಖರ್ಚನ್ನು ಇಂಡಿಯಾ ಆಫೀಸೂ ಬ್ರೈಟನ್ ಕಾರ್ಪೊರೇಷನ್ನೂ ಹಂಚಿಕೊಂಡವು. 1921ರ ಫೆಬ್ರವರಿ 1ರಂದು ಪ್ರಿನ್ಸ್ ಆಫ್ ವೇಲ್ಸ್ ಎಡ್ವರ್ಡ್ ಅದನ್ನು ಉದ್ಘಾಟಿಸಿದ. ಎರಡನೇ ಮಹಾಯುದ್ಧದಲ್ಲಿ ಈ ಗುಡ್ಡಗಳು ಸೈನ್ಯದ ತರಬೇತಿಗೆ ಹೋದವು. ಸಿಪಾಯಿಗಳ ಸ್ಮಾರಕಕ್ಕೆ ಸಿಪಾಯಿಗಳೇ ಗುರಿಯಿಟ್ಟು ಹೊಡೆದ ಗುಂಡಿನ ಗಾಯವಾಯಿತು, ಆಮೇಲೆ ರಿಪೇರಿಯಾಯಿತು.

ಮುಸಲ್ಮಾನ್ ಸಿಪಾಯಿಗಳನ್ನು ಹೂಳಿದ್ದು ಬೇರೆ ಕಡೆ, ಲಂಡನ್ ಹತ್ತಿರದ ವೋಕಿಂಗ್‌ನಲ್ಲಿ, 1889ರ ಶಾಹಜಹಾನ್ ಮಸೀದಿಯಿಂದ ಸ್ವಲ್ಪ ದೂರ. ಅಲ್ಲಿಯ ಗೋರಿಗಳನ್ನು ಕಿಡಿಗೇಡಿಗಳು ಹಾಳು ಮಾಡಿದ್ದರಿಂದ 1960ರ ದಶಕದ ಕೊನೆಗೆ ಅವನ್ನು ಬ್ರೂಕ್‌ವುಡ್ ಸ್ಮಶಾನಕ್ಕೆ ಸಾಗಿಸಬೇಕಾಯಿತು. ಎರಡಕ್ಕೂ ಸಲ್ಲದವನೊಬ್ಬ ಇದ್ದ, ಸುಖಾ ಅಂತ, ಆಸ್ಪತ್ರೆಯ ಜಾಡಮಾಲಿ. ನ್ಯೂ ಫಾರೆಸ್ಟ್‌ನ ಬ್ರೋಕನ್‌ಹರ್ಸ್ಟ್‌ನಲ್ಲಿ 1915ರ ಜನವರಿಯಲ್ಲಿ ಸತ್ತ. ಅಸ್ಪೃಶ್ಯನೆಂದು ಹಿಂದೂಗಳು ಸುಡಲಿಲ್ಲ, ಮುಸಲ್ಮಾನನಲ್ಲವೆಂದು ವೋಕಿಂಗ್‌ನವರು ಒಪ್ಪಲಿಲ್ಲ ಎಂದು ಅಲ್ಲಿ ಹೇಳುತ್ತಾರೆ. ಕೊನೆಗೆ ಆ ಹಳ್ಳಿಯ ಪಾದ್ರಿ ತನ್ನ ಚರ್ಚಿನ ಅಂಗಳದಲ್ಲೇ ಜಾಗ ಕೊಟ್ಟ. ಕಲ್ಲಿನ ಮೇಲೆ ಅವನ ಹೆಸರೂ ಇದೆ. ಒಂಬತ್ತು ಅಡುಗೆಮನೆಯ ಬಗ್ಗೆ ಹೆಮ್ಮೆಯಿಂದ ಹೇಳುವಾಗ ಈ ಸುಖಾನನ್ನೂ ಸೇರಿಸಿ ಹೇಳಬೇಕು. ಸಮುದ್ರ ದಾಟುವಾಗ ನಾವು ಬರೀ ತುಪ್ಪ, ಕರ್ಪೂರ ಮಾತ್ರ ಒಯ್ದಿರಲಿಲ್ಲ.

ವಿಚಿತ್ರ ನೋಡಿ, ಸುಖಾನಿಗೆ ಕಲ್ಲಿನ ಮೇಲೆ ಸಿಕ್ಕ ಹೆಸರು ಪ್ಯಾಚಮ್ ಗುಡ್ಡದ 53 ಮಂದಿಗೆ ಸಿಕ್ಕಿರಲಿಲ್ಲ. ಅಷ್ಟು ಅಮೃತಶಿಲೆ ತಂದರು, ಬುಡದ ಕಲ್ಲಿನ ಮೇಲೆ ನಮ್ಮ ಲಿಪಿಗಳಲ್ಲೂ ಇಂಗ್ಲಿಷಿನಲ್ಲೂ ಬರೆಸಿದರು, ಆದರೆ ಬರೆಸಿದ್ದು ರಾಜನಿಗಾಗಿ ಪ್ರಾಣ ಕೊಟ್ಟ ಭಾರತದ ಸಿಪಾಯಿಗಳು ಎಂಬ ಮಾತನ್ನು. ಯಾರು ಎಂಬುದನ್ನಲ್ಲ. ಬ್ರಿಟಿಷ್ ಮಾಜಿ ಸೈನಿಕರ ಸಂಘದವರು 1999ರವರೆಗೆ ಇಲ್ಲಿ ವರ್ಷಕ್ಕೊಮ್ಮೆ ಬಂದು ಹೂವಿಡುತ್ತಿದ್ದರು. ಅವರಿಗೆ ಆಗದೆ ಹೋದಾಗ ಸುತ್ತಲ ಭಾರತೀಯ ಮೂಲದವರು ಕೈಗೆತ್ತಿಕೊಂಡು ಜೂನ್ ತಿಂಗಳಿನಲ್ಲಿ ನಡೆಸಿಕೊಂಡು ಬಂದರು. ಹೆಸರುಗಳು ಗುಡ್ಡಕ್ಕೆ ಬಂದದ್ದು 2010ರ ಸೆಪ್ಟೆಂಬರಿನಲ್ಲಿ, ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ ಛತ್ರಿಯ ಪಕ್ಕ ಬೇರೆ ಕಲ್ಲು ನಿಲ್ಲಿಸಿದಾಗ. ಚಿತೆ ಆರಿ ತೊಂಬತ್ತೈದು ವರ್ಷವಾಗಿತ್ತು.

ನಾನು ಹೋದ ದಿನ ಅಲ್ಲಿ ಯಾರೂ ಇರಲಿಲ್ಲ. ನಾಯಿ ಕಟ್ಟಿಕೊಂಡು ನಡೆಯಲು ಬಂದಿದ್ದ ಒಬ್ಬ ಮುದುಕ ದೂರದಿಂದಲೇ ತಲೆಯಾಡಿಸಿ ಹೋದ. ಚಪ್ಪಲಿ ಕಳಚಿ ಆ ಹೆಸರುಗಳನ್ನು ಒಂದೊಂದಾಗಿ, ಸ್ವಲ್ಪ ಗಟ್ಟಿಯಾಗಿಯೇ ಓದಿದೆ. ಸಿಂಗ್, ಥಾಪಾ, ರಾಮ್. ಗಾಳಿ ಜೋರಾಗಿತ್ತು, ಓದಿ ಮುಗಿಸಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.